ಸಂವಹನ ಎಂಬ ಪದ ಲ್ಯಾಟಿನ್‌ನಿಂದ ಬಂದಿದೆ

ಡಿಗ್ರಿ ಕಾಲೇಜೊಂದರಿಂದ ಫೋನ್ ಬಂತು. ಪತ್ರಿಕೋದ್ಯಮ ವಿಭಾಗದ ಪ್ರಾಕ್ಟಿಕಲ್ ಪರೀಕ್ಷೆಗೆ ಎಕ್ಸ್‌ಟರ್ನಲ್ ಆಗಿ ಬರಬೇಕಂತೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವಾಕ್ಯ ಕತ್ತರಿಸುವುದು ನನ್ನ ಕೆಲಸ. ಒಂದು ದಿನ ಮಾರ್ಕ್ಸ್ ಕತ್ತರಿಸಿ ಬರೋಣ ಎಂದು ಬಸ್ಸು ಹತ್ತಿದೆ.

ಮೊದಲ ಹುಡುಗ ಬಂದು ಕೂತ. ಹೆದರಿಕೆ ಹೋಗಲಿ ಅಂತ ಸುಮ್ನೆ ಕೇಳಿದೆ, "ಸಂವಹನ ಅಂದ್ರೆ ಏನಪ್ಪಾ?" ಅವನು ಕಣ್ಣು ಮುಚ್ಚಿಕೊಂಡ. "ಸಂವಹನ ಎಂಬ ಪದವು ಲ್ಯಾಟಿನ್ ಭಾಷೆಯ ಕಮ್ಯುನಿಸ್ ಎಂಬ ಪದದಿಂದ ಬಂದಿದೆ ಸರ್."

ಹಾಗೆ ಬಂದಿರುವುದು ಇಂಗ್ಲಿಷಿನ ಕಮ್ಯುನಿಕೇಶನ್. ನಮ್ಮ ಸಂವಹನ ಸಂಸ್ಕೃತದ್ದು. ಪಾಪ, ಅದು ಯಾವಾಗ ರೋಮ್‌ಗೆ ಹೋಗಿತ್ತೋ! ಎರಡನೆಯವಳೂ ಅದನ್ನೇ ಹೇಳಿದಳು. ಮೂರನೆಯವನೂ ಅದನ್ನೇ ಹೇಳಿದ. ಹನ್ನೊಂದನೆಯವನು ಹೇಳುವ ಹೊತ್ತಿಗೆ ನನಗೇ ಅನುಮಾನ ಶುರುವಾಯಿತು, ಇದ್ದರೂ ಇರಬಹುದೇನೋ ಅಂತ. ನೋಟ್ಸು ಒಂದೇ ಅಲ್ವಾ? ಸೀನಿಯರ್‌ನಿಂದ ಜೂನಿಯರ್‌ಗೆ, ಜೆರಾಕ್ಸ್‌ನಿಂದ ಜೆರಾಕ್ಸ್‌ಗೆ ಇಳಿದು ಬಂದ ಆಸ್ತಿ ಅದು. ಅದರ ಪ್ರಕಾರ ವರದಿಗಾರ ತುರ್ತು ಸುದ್ದಿಯನ್ನು ಈಗಲೂ ತಂತಿ ಮೂಲಕವೇ ಕಳಿಸುತ್ತಾನೆ. ನಮ್ಮ ದೇಶದಲ್ಲಿ ತಂತಿ ಸೇವೆ ನಿಂತಿದ್ದು 2013ರ ಜುಲೈನಲ್ಲಿ. ಆಗ ಈ ಹುಡುಗ ಪ್ರೈಮರಿ ಸ್ಕೂಲಿನಲ್ಲಿ ಮಗ್ಗಿ ಒಪ್ಪಿಸುತ್ತಿದ್ದ. ಈಗ ತಂತಿ ಒಪ್ಪಿಸುತ್ತಿದ್ದಾನೆ.

ಶ್ಯಾನನ್ ಎಂಬ ಎಂಜಿನಿಯರ್ 1948ರಲ್ಲಿ ಸಂವಹನಕ್ಕೊಂದು ಚಿತ್ರ ಬರೆದ. ಕಳಿಸುವವ, ಪಡೆಯುವವ, ನಡುವೆ ಗದ್ದಲ. "ಗದ್ದಲ ಅಂದ್ರೇನು?" ಎಂದು ಇನ್ನೊಬ್ಬನನ್ನು ಕೇಳಿದೆ. ನೆತ್ತಿಯ ಮೇಲಿನ ಫ್ಯಾನು ಕಟಕಟ ಅನ್ನುತ್ತಿತ್ತು. ಹೊರಗೆ ಯಾರೋ ಬೈಕಿಗೆ ಸುಮ್ಮಸುಮ್ಮನೆ ರೇಸ್ ಕೊಡುತ್ತಿದ್ದರು. ಹುಡುಗ ಕಿವಿ ಮುಂದೆ ಮಾಡಿ, "ಏನ್ ಸರ್?" ಎಂದ. ಶ್ಯಾನನ್ ಬಂದರೂ ಇದಕ್ಕಿಂತ ಒಳ್ಳೆಯ ಉತ್ತರ ಕೊಡುತ್ತಿರಲಿಲ್ಲ. ಪೂರ್ತಿ ಅಂಕ ಹಾಕಿದೆ.

ನಡುವೆ ಟೀ ಬಂತು. "ನಮ್ಮ ಮೀಡಿಯಾ ಲ್ಯಾಬ್ ನೋಡಿ ಸರ್" ಎಂದು ವಿಭಾಗದ ಮುಖ್ಯಸ್ಥರು ಕರೆದೊಯ್ದರು. ಬಾಗಿಲಿಗೆ ಬೀಗ. ಕೀಲಿ ಆಫೀಸಿನಲ್ಲಿ. ಆಫೀಸಿನವರು ಊಟಕ್ಕೆ. ಅಂತೂ ಬೀಗ ತೆಗೆದರು. ಒಳಗೊಂದು ಬೀರು, ಅದಕ್ಕೊಂದು ಬೀಗ. ಬೀರುವಿನೊಳಗೆ ಬ್ಯಾಗು, ಬ್ಯಾಗಿನೊಳಗೆ ಕ್ಯಾಮೆರಾ. ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ಸ್ಟಾಕ್ ರಿಜಿಸ್ಟರ್ ನಂಬರು, ನೆತ್ತಿಗೆ ಆಯುಧ ಪೂಜೆಯ ಕುಂಕುಮ. ಲೆನ್ಸಿನ ಮುಚ್ಚಳದ ಮೇಲೆ ಕಂಪನಿಯ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. "ಮಕ್ಕಳ ಕೈಗೆ ಕೊಟ್ರೆ ಹಾಳ್ಮಾಡ್ತಾರೆ ಸರ್. ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಕಮಿಟಿ ಬಂದಾಗ ಹೊರಗೆ ತೆಗೀತೀವಿ" ಎಂದರು. ಸ್ಟುಡಿಯೊದ ಹಸಿರು ಪರದೆ ಎಲ್ಲಿ ಎಂದು ಕೇಳಿದೆ. ಅದು ನಮ್ಮ ಟೀ ಕಪ್ಪುಗಳಿದ್ದ ಮೇಜಿನ ಮೇಲೆಯೇ ಹಾಸಿತ್ತು.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮ ವಿಭಾಗ ಶುರು ಮಾಡಿದ್ದು 1951ರಲ್ಲಿ. ಆಗ ಕ್ಯಾಮೆರಾ ಬೀರುವಿನಲ್ಲಿಟ್ಟಿದ್ದರೆ ಅರ್ಥವಿತ್ತು. ಈಗ ಹೊರಗೆ ಕಾರಿಡಾರಿನಲ್ಲಿ ಇದೇ ಮಕ್ಕಳು ಫೋನಿನಲ್ಲಿ ರೀಲ್ಸ್ ಶೂಟ್ ಮಾಡಿ, ಕಟ್ ಮಾಡಿ, ಹಾಡು ಹಾಕಿ, ಬೆಲ್ಲು ಹೊಡೆಯುವುದರೊಳಗೆ ಜಗತ್ತಿಗೇ ಬಿಟ್ಟುಬಿಡುತ್ತಿದ್ದರು. ಒಳಗೆ ಬಂದು ಅದೇ ವಿಷಯದಲ್ಲಿ ಸಪ್ಲಿಮೆಂಟರಿ ಕಟ್ಟುತ್ತಾರೆ.

ಕೋರ್ಸು ಎಷ್ಟು ವರ್ಷ ಎಂಬುದೇ ಇನ್ನೊಂದು ಕತೆ. 2021ರಲ್ಲಿ ಡಿಗ್ರಿ ನಾಲ್ಕು ವರ್ಷ ಎಂದರು. 2024ರಲ್ಲಿ ಇಲ್ಲ, ಮೊದಲಿನ ಹಾಗೆ ಮೂರೇ ಎಂದರು. ಸಿಲೆಬಸ್ಸು ಎರಡು ಸಲ ಬದಲಾಯಿತು. ಲ್ಯಾಟಿನ್ ಪದ ಮಾತ್ರ ಕದಲಲಿಲ್ಲ.

ಕೊನೆಗೆ ಲ್ಯಾಬ್ ಜರ್ನಲ್. ಮಕ್ಕಳೇ ಸುದ್ದಿ ಬರೆದು, ಪುಟ ಕಟ್ಟಿ, ಪ್ರಿಂಟ್ ಹಾಕಿಸಿದ ನಾಲ್ಕು ಪುಟದ ಪತ್ರಿಕೆ. 1843ರಲ್ಲಿ ಮೊಗ್ಲಿಂಗ್ ಪಾದ್ರಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮೇಲೆ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತೆಗೆದರು. ಕಲ್ಲಿನಲ್ಲೂ ಸಮಾಚಾರ ಇತ್ತು. ಇಲ್ಲಿ ಮೊದಲ ಪುಟದಲ್ಲಿ ವನಮಹೋತ್ಸವ, ಸಸಿ ನೆಡುತ್ತಿರುವ ಪ್ರಾಂಶುಪಾಲರು. ಎರಡರಲ್ಲಿ ರಕ್ತದಾನ ಶಿಬಿರ, ಟೇಪು ಕತ್ತರಿಸುತ್ತಿರುವ ಪ್ರಾಂಶುಪಾಲರು. ಮೂರರಲ್ಲಿ ಪ್ರಾಂಶುಪಾಲರ ಸಂದರ್ಶನ. ನಾಲ್ಕರಲ್ಲಿ ಕವನ. ಅದು ಅವರ ಮೇಲಲ್ಲ, ಮಳೆಯ ಮೇಲೆ.

ಸಂಪಾದಕಿ ಎದುರಿಗೆ ಬಂದು ಕೂತಳು. ಚುರುಕು ಹುಡುಗಿ. "ಕಾಲೇಜಿನಲ್ಲಿ ಬೇರೆ ಸುದ್ದಿ ಇರ್ಲಿಲ್ವೇನಮ್ಮಾ?" ಎಂದೆ.

"ಇತ್ತು ಸರ್. ಹಾಸ್ಟೆಲ್‌ಗೆ ನಾಲ್ಕು ದಿನದಿಂದ ನೀರು ಬಂದಿಲ್ಲ."

"ಮತ್ತೆ ಬರೀಲಿಲ್ಲ ಯಾಕೆ?"

"ಬರೆದಿದ್ದೆ ಸರ್."

ಮುಂದೆ ಕೇಳಲಿಲ್ಲ. ಸಿಲೆಬಸ್ಸಿಗೆ ಬಂದೆ. "ಗೇಟ್‌ಕೀಪರ್ ಅಂದ್ರೆ ಯಾರು?" 1950ರಲ್ಲಿ ವೈಟ್ ಎಂಬ ಅಮೆರಿಕದವನು ಮಾಡಿದ ಅಧ್ಯಯನ ಅದು. ಪತ್ರಿಕಾ ಕಚೇರಿಯಲ್ಲಿ ಕೂತ ಒಬ್ಬ ಸಂಪಾದಕ ಬಂದ ಸುದ್ದಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹೇಗೆ ಎಸೆಯುತ್ತಾನೆ ಅಂತ. ಹುಡುಗಿ ಲ್ಯಾಟಿನ್ ಹೇಳಲಿಲ್ಲ. ಪಕ್ಕದಲ್ಲಿ ಬಿಸ್ಕತ್ತು ತಿನ್ನುತ್ತಿದ್ದ ಮುಖ್ಯಸ್ಥರ ಕಡೆ ಒಮ್ಮೆ ನೋಡಿದಳು. "ಉದಾಹರಣೆ ಸಾಕಾ ಸರ್?" ಎಂದಳು.

ಮುಖ್ಯಸ್ಥರು ಬಿಸ್ಕತ್ತು ಕೆಳಗಿಟ್ಟರು. ನಾನು ತಲೆ ತಗ್ಗಿಸಿ ಅಂಕ ಬರೆದೆ.

ಬಸ್‌ಸ್ಟ್ಯಾಂಡಿನಲ್ಲಿದ್ದಾಗ ನಮ್ಮ ಆಫೀಸಿನಿಂದ ಫೋನು. "ನೀನು ಅದೇ ಊರಲ್ಲಿದ್ದೀಯಲ್ಲ? ಹಾಸ್ಟೆಲ್ ಹುಡುಗೀರು ಖಾಲಿ ಬಕೆಟ್ ಬಡಿಯೋ ವಿಡಿಯೊ ಓಡ್ತಾ ಇದೆ. ಎರಡು ಪ್ಯಾರಾ ಹಾಕು." ಬಸ್ಸಿನಲ್ಲೇ ಟೈಪ್ ಮಾಡಿದೆ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ, ಎಲ್ಲ ಇತ್ತು. ಕಳಿಸಿದೆ.

ಬೆಳಿಗ್ಗೆ ಪತ್ರಿಕೆ ತೆರೆದೆ. ಎರಡು ಪ್ಯಾರಾ ಎಲ್ಲೂ ಇರಲಿಲ್ಲ. ಡೆಸ್ಕಿಗೆ ಕೇಳಿದರೆ ಜಾಗ ಸಾಲಲಿಲ್ಲ ಎಂದರು. ಮೂರನೇ ಪುಟದಲ್ಲಿ ನಾಲ್ಕು ಕಾಲಂ ಫೋಟೊ ಇತ್ತು, ವನಮಹೋತ್ಸವದ್ದು. ಪ್ರಾಂಶುಪಾಲರು ಬಿಂದಿಗೆ ಬಗ್ಗಿಸಿ ಸಸಿಗೆ ನೀರು ಹಾಕುತ್ತಿದ್ದರು.