ಬೂದಿ ಹುಳವಲ್ಲ, ಅಣಬೆ ಕಾಯಿಪಲ್ಲೆಯಲ್ಲ

ಇಂದು ಬೆಳಿಗ್ಗೆ ನನ್ನ ಬೆಳೆ ಔಷಧಿ ಅಂಗಡಿಯ ಶಟರ್ ಪೂರ್ತಿ ಎತ್ತುವ ಮೊದಲೇ ತಲೆ ಕೆಟ್ಟಿತು. ಬ್ಯಾಡಗಿ ಕಡೆಯ ರೈತರೊಬ್ಬರು ಮೆಣಸಿನ ಗಿಡದ ಟೊಂಗೆಯನ್ನೇ ಮುರಿದುಕೊಂಡು ಬಂದಿದ್ದರು. ಎಲೆಯ ಮೇಲೆ ಅಲ್ಲಲ್ಲಿ ಹಳದಿ ಮಚ್ಚೆ. ತಿರುಗಿಸಿದರೆ ಅಡಿಯಲ್ಲಿ ಹಿಟ್ಟು ಉದುರಿಸಿದಂಥ ಬಿಳಿ ಪುಡಿ. ಕೆಳಗಿನ ಎಲೆಗಳು ಕೈ ತಾಗಿದರೆ ಸಾಕು, ಕಳಚಿ ಬೀಳುತ್ತಿದ್ದವು. ಬೂದಿ ರೋಗ ಎನ್ನಲು ಕನ್ನಡಕವೂ ಬೇಕಿರಲಿಲ್ಲ. ಅವರು ಕೇಳಿದ್ದು: “ಸಾಹುಕಾರರೇ, ಹುಳದ ಎಣ್ಣೆ ಕೊಡಿ, ಸ್ವಲ್ಪ ಜೋರಿನದೇ ಇರಲಿ.”

“ಕಾಕಾ, ಇದು ಹುಳವಲ್ಲ, ಶಿಲೀಂಧ್ರ” ಎಂದೆ.

“ಅದೇ, ಸಣ್ಣ ಹುಳ” ಎಂದರು.

ಅದೇ ಅಲ್ಲ! ಶಿಲೀಂಧ್ರ ಹುಳವೂ ಅಲ್ಲ, ಗಿಡವೂ ಅಲ್ಲ. ಪತ್ರಹರಿತ್ತು ಇಲ್ಲದ ಕಾರಣ ಬಿಸಿಲಿನಲ್ಲಿ ಆಹಾರ ತಯಾರಿಸಿಕೊಳ್ಳಲಾರದು. ಬಾಯಿ ಇಲ್ಲ, ಹೊಟ್ಟೆ ಇಲ್ಲ. ಕಣ್ಣಿಗೆ ಕಾಣದಷ್ಟು ಸಪೂರ ಎಳೆಗಳನ್ನು ಚಾಚಿ, ಕಿಣ್ವವನ್ನು ಹೊರಕ್ಕೆ ಬಿಟ್ಟು, ತಿನ್ನಬೇಕಾದುದನ್ನು ಮೈಯ ಹೊರಗೇ ಕರಗಿಸಿ ಹೀರುತ್ತದೆ. ಅದರ ಕೋಶದ ಗೋಡೆಯಲ್ಲಿರುವುದು ಕೈಟಿನ್. ಜೀರುಂಡೆಯ ಚಿಪ್ಪಿನಲ್ಲಿರುವುದೂ ಅದೇ. ಮಿಕ್ಕ ಆಹಾರವನ್ನು ಗಿಡಗಳು ಪಿಷ್ಟವಾಗಿ ಕೂಡಿಟ್ಟರೆ ಇದು ಗ್ಲೈಕೋಜನ್ ಆಗಿ ಇಡುತ್ತದೆ, ನಮ್ಮ ಯಕೃತ್ತು ಇಡುವ ಹಾಗೆಯೇ. ವಂಶಾವಳಿ ಬಿಡಿಸುತ್ತ ಹೋದರೆ ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ಸಂಬಂಧಿ. 1969ರಲ್ಲಿ ಜೀವವಿಜ್ಞಾನಿ ವಿಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಇದಕ್ಕೆ ಸ್ವಂತದ್ದೊಂದು ಸಾಮ್ರಾಜ್ಯವನ್ನೇ ಬರೆದುಕೊಟ್ಟರು. ನಮ್ಮ ಹಾವೇರಿ ಜಿಲ್ಲೆಯಲ್ಲಿ ಇನ್ನೂ ಒಂದು ಗುಂಟೆ ಖಾತೆಯಾಗಿಲ್ಲ.

“ಹೆಸರು ಯಾವುದಾದರೇನು, ರೋಗ ಹೋದರೆ ಸಾಕು” ಎನ್ನುವ ಜಾಣರಿದ್ದಾರೆ. ಹೋಗುವುದಿಲ್ಲವಲ್ಲ! ನನ್ನ ಕಪಾಟಿನಲ್ಲಿರುವ ಹುಳದ ಎಣ್ಣೆಗಳಲ್ಲಿ ಹೆಚ್ಚಿನವು ಕೀಟದ ನರಕ್ಕೆ ಹೊಡೆತ ಕೊಡುವಂಥವು. ನರವೇ ಇಲ್ಲದ ಜೀವಿಗೆ ಅದನ್ನು ಸಿಂಪಡಿಸಿದರೆ ಏನಾಗಬೇಕು? ಜೇಬು ಖಾಲಿಯಾಗುತ್ತದೆ, ಜೇನುಹುಳ ಸಾಯುತ್ತದೆ, ಬೂದಿ ಗಾಳಿ ಹಿಡಿದು ಪಕ್ಕದ ಹೊಲಕ್ಕೆ ನಡೆಯುತ್ತದೆ. ಆಮೇಲೆ ಅದೇ ರೈತರು ಬಂದು ನಿಮ್ಮ ಎಣ್ಣೆ ಡೂಪ್ಲಿಕೇಟ್ ಎಂದು ನಾಲ್ಕು ಜನರ ಮುಂದೆ ನನ್ನ ಮಾನ ತೆಗೆಯುತ್ತಾರೆ.

ಗೊಂದಲಕ್ಕೆ ಒಂದು ಕಾರಣವಿದೆ, ಒಪ್ಪುತ್ತೇನೆ. ನೀರಿನಲ್ಲಿ ಕದಡುವ ಗಂಧಕ ಬೂದಿಗೂ ನಡೆಯುತ್ತದೆ, ಮೈಟ್ ನುಸಿಗೂ ನಡೆಯುತ್ತದೆ. ಒಂದೇ ಮದ್ದಿಗೆ ಎರಡೂ ಹೋದವು, ಹಾಗಾದರೆ ಎರಡೂ ಹುಳವೇ ಎಂಬುದು ಕಾಕಾ ಅವರ ತರ್ಕ. ಕೇಳಲು ಚೆನ್ನಾಗಿದೆ. ಆದರೆ ಮುಟುರು ರೋಗದಲ್ಲಿ ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ಕೀಟ, ಕೆಳಕ್ಕೆ ಮುದುಡಿದರೆ ಮೈಟ್ ಎಂದು ನನಗೇ ಪಾಠ ಹೇಳಬಲ್ಲ ಮನುಷ್ಯರಿಗೆ ಬಿಳಿ ಪುಡಿ ಬೇರೆ ಜಾತಿಯದು ಎಂದು ತಿಳಿಯಲು ಏನು ಅಡ್ಡಿ?

ರೈತರನ್ನೇ ಏಕೆ ಬೈಯಲಿ, ಓದಿದವರದು ಇನ್ನೂ ಚೆಂದ. ನಾಚಿಕೆ ಬಿಟ್ಟು ಹೇಳುತ್ತೇನೆ: ಕಳೆದ ಮಳೆಗಾಲದಲ್ಲಿ ನನ್ನ ತೊಡೆಸಂದಿಗೆ ಗಜಕರ್ಣ ಹತ್ತಿತ್ತು. ಅದೂ ಶಿಲೀಂಧ್ರವೇ. ಕೌಂಟರಿನ ಮೇಲೆ ಶಿಲೀಂಧ್ರನಾಶಕ ಮಾರುವುದು, ಕೌಂಟರಿನ ಕೆಳಗೆ ಕೆರೆದುಕೊಳ್ಳುವುದು. ಮೂಲೆಯ ಔಷಧಿ ಅಂಗಡಿಯವನು ಚೀಟಿ ಕೇಳದೆ “ಅಲರ್ಜಿ ಇರಬೇಕು ಸರ್” ಎಂದು ಸ್ಟೆರಾಯ್ಡ್ ಇರುವ ಮುಲಾಮನ್ನು ಮುಂದೆ ಸರಿಸಿದ. ಅದು ಕೆಂಪು ಇಳಿಸುತ್ತದೆ, ತುರಿಕೆ ಇಳಿಸುತ್ತದೆ. ಚರ್ಮದ ಕಾವಲು ಸಡಿಲವಾದಾಗ ಶಿಲೀಂಧ್ರ ಮಾತ್ರ ಆರಾಮವಾಗಿ ಹಬ್ಬುತ್ತದೆ. ಇಂಥ ಮುಲಾಮುಗಳ ಕಾಟದಿಂದಲೇ ದೇಶದ ತುಂಬ ಗಜಕರ್ಣ ಹಠಮಾರಿಯಾಗಿದೆ ಎಂದು ಚರ್ಮವೈದ್ಯರು ಬಾಯಿ ಬಡಿದುಕೊಳ್ಳುತ್ತಿದ್ದಾರೆ. ಶಿಲೀಂಧ್ರದ ಕೋಶಕ್ಕೂ ನಮ್ಮ ಕೋಶಕ್ಕೂ ಹೋಲಿಕೆ ಹೆಚ್ಚು. ಅದನ್ನು ಕೊಂದು ನಮ್ಮನ್ನು ಉಳಿಸುವ ಔಷಧಿಗಳೇ ಬೆರಳೆಣಿಕೆಯಷ್ಟು. ಇರುವ ನಾಲ್ಕನ್ನೂ ಹೀಗೆ ಹಾಳು ಮಾಡಿಕೊಳ್ಳುತ್ತಿದ್ದೇವೆ. ಅಲರ್ಜಿಯಂತೆ, ಅಲರ್ಜಿ!

ಇನ್ನು ಮದುವೆ ಊಟ. ಹುಬ್ಬಳ್ಳಿಯ ಪಂಕ್ತಿಯಲ್ಲಿ ಅಣಬೆ ಮಸಾಲೆ ಬಂದಾಗ ನಮ್ಮ ಸೋದರಮಾವ ಎಲೆಗೆ ಕೈ ಅಡ್ಡ ಹಿಡಿದು “ಇದು ಮಾಂಸವಲ್ಲವೇನಪ್ಪಾ?” ಎಂದರು. ಬಡಿಸುವ ಹುಡುಗ “ಪಕ್ಕಾ ಕಾಯಿಪಲ್ಲೆ ಅಜ್ಜಾ” ಎಂದ. ಇಬ್ಬರೂ ನನ್ನ ಮುಖ ನೋಡಿದರು, ಎಣ್ಣೆ ಅಂಗಡಿಯವನು ತಾನೇ, ತೀರ್ಪು ಕೊಡಲಿ ಎಂದು. ಕೊಟ್ಟೆ. ಅಣಬೆಯೂ ಶಿಲೀಂಧ್ರವೇ, ಒಳಗೆ ಹಬ್ಬಿದ ಎಳೆಗಳು ಬೀಜಕ ಉದುರಿಸಲು ಹೊರಗೆ ಎತ್ತುವ ಭಾಗ. ಬೇಸಾಯಗಾರರು ಅಣಬೆ ಬೀಜ ಎಂದು ಕೊಳ್ಳುವುದು ಬೇಯಿಸಿದ ಜೋಳದ ಕಾಳಿಗೆ ಹಬ್ಬಿಸಿದ ಅದೇ ಎಳೆ ಎಂದು ವಿವರಿಸುತ್ತಿದ್ದೆ. ಜೀರುಂಡೆಯ ಚಿಪ್ಪಿನ ಸುದ್ದಿಗೆ ಬಂದಾಗ ಎದುರಿನ ಸಾಲಿನಲ್ಲಿದ್ದ ನನ್ನ ಹೆಂಡತಿ ಕಣ್ಣು ಕೆಂಪಗೆ ಮಾಡಿದಳು. ಮಾವ ಆ ಊಟದಲ್ಲಿ ಅಣಬೆಯನ್ನಷ್ಟೇ ಅಲ್ಲ, ಪಕ್ಕದಲ್ಲಿದ್ದ ಎಣ್ಣೆಗಾಯಿಯನ್ನೂ ಮುಟ್ಟಲಿಲ್ಲ. ನಾನು ಎರಡು ಸಲ ಹಾಕಿಸಿಕೊಂಡೆ.