ಪಾಪನಿವೇದನೆ ಮಾಡಿದರೆ ಹೊಣೆ ಮುಗಿಯಿತೇ? ಒಂದು ಸ್ಪಷ್ಟನೆ

‘ಕ್ರೈಸ್ತರು ಏನು ತಪ್ಪು ಮಾಡಿದರೂ ಪಾದ್ರಿಯ ಕಿವಿಯಲ್ಲಿ ಹೇಳಿದರೆ ಸಾಕು, ಲೆಕ್ಕ ಚುಕ್ತಾ’ ಎಂಬ ಮಾತು ಹರಿದಾಡುತ್ತಿದ್ದು, ಅದಕ್ಕೆ ಯೇಸುವಿನ ಜೊತೆ ಶಿಲುಬೆಗೇರಿ, ಅಲ್ಲಿಯೇ ಆತನಿಂದ ಕ್ಷಮೆ ಪಡೆದ ಕಳ್ಳನ ಉದಾಹರಣೆಯನ್ನೂ ಕೊಡಲಾಗುತ್ತಿದೆ. ಈ ಹೇಳಿಕೆ ಸರಿಯಲ್ಲ.

ಖಾಸಗಿ ಪಾಪನಿವೇದನೆ, ಅಂದರೆ ಪಾದ್ರಿಯ ಮುಂದೆ ತನ್ನ ತಪ್ಪನ್ನು ಹೇಳಿಕೊಳ್ಳುವುದು, ಮುಖ್ಯವಾಗಿ ಕ್ಯಾಥೋಲಿಕ್ ಮತ್ತು ಆರ್ಥೊಡಾಕ್ಸ್ ಸಭೆಗಳ ಪದ್ಧತಿ. ಬಹುಪಾಲು ಪ್ರೊಟೆಸ್ಟೆಂಟರಲ್ಲಿ ಅದು ಕಡ್ಡಾಯವಲ್ಲ. ಕ್ಯಾಥೋಲಿಕ್ ಬೋಧನೆಯಲ್ಲಿಯೂ ತಪ್ಪನ್ನು ಹೇಳಿಕೊಳ್ಳುವುದು ಒಂದು ಭಾಗ ಮಾತ್ರ. 1551ರಲ್ಲಿ ಕ್ಯಾಥೋಲಿಕ್ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆಯು ಪಶ್ಚಾತ್ತಾಪ, ನಿವೇದನೆ ಮತ್ತು ಪ್ರಾಯಶ್ಚಿತ್ತ ಈ ಮೂರೂ ಪಾಪಿಯಿಂದಲೇ ಆಗಬೇಕೆಂದು ಹೇಳಿತು. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು, ಗಾಯಗೊಳಿಸಿದ್ದಕ್ಕೆ ಪರಿಹಾರ ಕೊಡಬೇಕು ಎಂದು 1992ರ ಕ್ಯಾಥೋಲಿಕ್ ಧರ್ಮೋಪದೇಶ ಗ್ರಂಥದ 1459ನೇ ಪರಿಚ್ಛೇದವೂ ಹೇಳುತ್ತದೆ. ತಪ್ಪು ಕೆಲಸವನ್ನು ಬಿಡುವ ಮನಸ್ಸೇ ಇಲ್ಲದವನಿಗೆ ಪಾಪವಿಮೋಚನೆ (ಪಾದ್ರಿಯ ಮೂಲಕ ದೊರೆಯುವ ಕ್ಷಮೆ) ಸಲ್ಲುವುದಿಲ್ಲ. ನ್ಯಾಯಾಲಯದ ಶಿಕ್ಷೆಯಂತೂ ಇದರಿಂದ ಮನ್ನಾ ಆಗುವ ಮಾತೇ ಇಲ್ಲ.

ಬೈಬಲಿನ ಆಧಾರವೂ ಇದೇ ದಿಕ್ಕಿನಲ್ಲಿದೆ. ಸುಂಕವಸೂಲಿಗಾರ ಜಕ್ಕಾಯನು (ಲೂಕ 19:8) ವಂಚಿಸಿ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುವುದಾಗಿ ತಾನೇ ಮಾತು ಕೊಡುತ್ತಾನೆ. ಬಲಿಪೀಠಕ್ಕೆ ಕಾಣಿಕೆ ತಂದವನು ಅದನ್ನು ಅಲ್ಲಿಯೇ ಬಿಟ್ಟು, ಮೊದಲು ತನ್ನ ಮೇಲೆ ದೂರಿರುವ ಸಹೋದರನೊಡನೆ ಸಂಧಾನ ಮಾಡಿಕೊಳ್ಳಬೇಕು ಎಂದು ಯೇಸು ಹೇಳುತ್ತಾನೆ (ಮತ್ತಾಯ 5:23-24).

ಇನ್ನು ಆ ಕಳ್ಳನ ವಿಷಯ. ಆತನನ್ನು ಉದಾಹರಿಸುವವರು ಅವನಾಡಿದ ಮಾತನ್ನೇ ಓದಿಲ್ಲವೆಂದು ತೋರುತ್ತದೆ: ತಮಗಾದ ಶಿಕ್ಷೆ ನ್ಯಾಯವಾದದ್ದು, ತಾವು ಮಾಡಿದ್ದಕ್ಕೆ ತಕ್ಕದ್ದು ಎಂದು ಅವನು ಮೊದಲು ಒಪ್ಪಿಕೊಳ್ಳುತ್ತಾನೆ (ಲೂಕ 23:41), ಯೇಸುವಿನಲ್ಲಿ ಬೇಡಿಕೊಳ್ಳುವುದು ಅದರ ನಂತರ. ಕ್ಷಮೆ ದೊರೆತ ಮೇಲೂ ಅವನನ್ನು ಶಿಲುಬೆಯಿಂದ ಇಳಿಸಲಿಲ್ಲ.