ಒರಾಂಜ್‌ನ ಗೋಡೆಯ ಮುಂದೆ ಅರ್ಧ ದಿನವಾದರೂ ಬೇಕು

ದಕ್ಷಿಣ ಫ್ರಾನ್ಸಿನ ಪ್ರವಾಸದ ಬಗ್ಗೆ ನಿಮ್ಮ ಲೇಖನದಲ್ಲಿ ಒರಾಂಜ್ ಪಟ್ಟಣದ ರೋಮನ್ ರಂಗಮಂದಿರಕ್ಕೆ ‘ಅರ್ಧ ಗಂಟೆ ಸಾಕು’ ಎಂದು ಬರೆದಿದ್ದೀರಿ. ದಯವಿಟ್ಟು ಇದನ್ನು ತಿದ್ದಿ. ಅವಿನ್ಯೋನ್‌ನಿಂದ ರೈಲಿನಲ್ಲಿ ಹೋದ ನಾನು ಮಧ್ಯಾಹ್ನವೆಲ್ಲ ಅಲ್ಲೇ ಕುಳಿತಿದ್ದೆ.

ರೋಮನ್ ರಂಗಮಂದಿರಗಳು ಹಲವು ದೇಶಗಳಲ್ಲಿವೆ. ಆದರೆ ಬಹುತೇಕ ಕಡೆ ಉಳಿದಿರುವುದು ಪ್ರೇಕ್ಷಕರು ಕೂರುವ ಮೆಟ್ಟಿಲುಗಳು ಮಾತ್ರ, ವೇದಿಕೆಯ ಹಿಂದಿನ ಗೋಡೆ ಬಿದ್ದುಹೋಗಿದೆ. ಇಲ್ಲಿ ಆ ಗೋಡೆಯೇ ನಿಂತಿದೆ. 103 ಮೀಟರ್ ಉದ್ದ, 37 ಮೀಟರ್ ಎತ್ತರ! ಹೊರಗೆ ಬೀದಿಯಲ್ಲಿ ನಿಂತು ನೋಡಿದರೆ ಕೋಟೆಯೇ ಎನಿಸುತ್ತದೆ. ಒಳಗೆ, ನಡುವಿನ ಗೂಡಿನಲ್ಲಿ ಚಕ್ರವರ್ತಿಯ ಬೃಹತ್ ಅಮೃತಶಿಲೆಯ ವಿಗ್ರಹ. ಮೆಟ್ಟಿಲುಗಳು ಸಂತ ಯುತ್ರೋಪ್ ಗುಡ್ಡಕ್ಕೆ ಒರಗಿಕೊಂಡಿವೆ. ನಾನು ತುತ್ತತುದಿಯ ಸಾಲಿಗೆ ಹತ್ತಿ ಕುಳಿತೆ. ಕೆಳಗೆ ವೇದಿಕೆಯ ಬಳಿ ಒಬ್ಬ ಹುಡುಗಿ ತಾಯಿಯೊಡನೆ ಮೆಲ್ಲಗೆ ಆಡಿದ ಮಾತು ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು. ಮೈ ಜುಮ್ಮೆಂದಿತು.

ಕೆಳಗಿನ ಸಾಲುಗಳ ಬಳಿ ಕಲ್ಲಿನಲ್ಲಿ ಕೊರೆದ ಅಕ್ಷರಗಳನ್ನು ತಪ್ಪದೆ ಹುಡುಕಿ. ಮೂರು ಸಾಲುಗಳು ಕುಲೀನ ಅಶ್ವಾರೋಹಿ ವರ್ಗಕ್ಕೆ ಮೀಸಲು ಎಂದು ಅದು ಹೇಳುತ್ತದೆ. ಯಾರು ಎಲ್ಲಿ ಕೂರಬೇಕೆಂಬುದನ್ನು ಅಂದೇ ಕಲ್ಲಿನಲ್ಲಿ ಬರೆದಿಟ್ಟಿದ್ದರು.

ಇನ್ನೊಂದು ವಿಷಯ ಲೇಖನದಲ್ಲಿ ಬಿಟ್ಟುಹೋಗಿದೆ. ಶತಮಾನಗಳ ಕಾಲ ಈ ರಂಗಮಂದಿರದೊಳಗೇ ಜನ ಮನೆ ಕಟ್ಟಿಕೊಂಡು ಬಾಳಿದ್ದರು. 19ನೆಯ ಶತಮಾನದಲ್ಲಿ ಅವನ್ನು ತೆರವುಗೊಳಿಸಿದರು. 1869ರಲ್ಲಿ ಆರಂಭವಾದ ಸಂಗೀತೋತ್ಸವ ಇಂದಿಗೂ ಬೇಸಿಗೆಯಲ್ಲಿ ಇದೇ ಗೋಡೆಯ ಮುಂದೆ ನಡೆಯುತ್ತದೆ. ಹೋಗುವವರು ಆ ದಿನಗಳನ್ನು ನೋಡಿಕೊಂಡು ಹೋಗಿ. ಬಿಸಿಲಿಗೆ ಒಂದು ಟೋಪಿ ಇರಲಿ.